ರಮ್‌ನ ಪರಿಮಳ ಎಲ್ಲಿಂದ ಬರುತ್ತದೆ: ಮಾರಿಷಸ್‌ನ ಭಟ್ಟಿಮನೆಗಳಲ್ಲಿ ಕಲಿಯಬಹುದಾದದ್ದು

ಮಾರಿಷಸ್‌ಗೆ ಹೋಗುವ ನಮ್ಮವರ ಪ್ರವಾಸದ ಪಟ್ಟಿಯಲ್ಲಿ ಕಡಲತೀರ, ಗಂಗಾ ತಲಾವ್, ಶಾಮರೆಲ್‌ನ ಏಳು ಬಣ್ಣದ ಮಣ್ಣು ಇವುಗಳ ಜೊತೆಗೆ ರಮ್ ಭಟ್ಟಿಮನೆಯ ಭೇಟಿಯೂ ಈಗ ಸೇರಿಕೊಂಡಿದೆ. ಯಂತ್ರಗಳನ್ನು ದೂರದಿಂದ ನೋಡಿ ಬರುವ ಭೇಟಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಕಬ್ಬು ಅರೆಯುವುದರಿಂದ ಹಿಡಿದು ರುಚಿ ನೋಡಿ ಬೆರೆಸುವವರೆಗೆ ಸಂದರ್ಶಕರ ಕೈಯಿಂದಲೇ ಒಂದಿಷ್ಟು ಕೆಲಸ ಮಾಡಿಸುವ ಕಾರ್ಯಾಗಾರಗಳು ಕಬ್ಬು ಬೆಳೆಯುವ ದ್ವೀಪಗಳಲ್ಲಿ ಸಾಮಾನ್ಯವಾಗುತ್ತಿವೆ. ಅಂಥ ಒಂದು ಕಾರ್ಯಾಗಾರಕ್ಕೆ ಹಣ ಕೊಟ್ಟು ಕುಳಿತವರು ಅಲ್ಲಿ ಏನನ್ನು ಗಮನಿಸಬೇಕು, ಯಾವ ಪ್ರಶ್ನೆ ಕೇಳಬೇಕು, ಯಾವ ಮಾತನ್ನು ನಂಬಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲಿಗೆ, "ನಿಮ್ಮ ರಮ್ಮನ್ನು ನೀವೇ ತಯಾರಿಸಿ" ಎಂಬ ಜಾಹೀರಾತಿನ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬಾರದು. ಕಬ್ಬಿನ ಹಾಲು ಹುದುಗಲು ಕನಿಷ್ಠ ಒಂದೆರಡು ದಿನ ಬೇಕು. ಭಟ್ಟಿ ಇಳಿಸುವ ಕೆಲಸ ಅಬಕಾರಿ ಪರವಾನಗಿ ಪಡೆದವರ ಉಸ್ತುವಾರಿಯಲ್ಲೇ ನಡೆಯಬೇಕು. ಪೀಪಾಯಿಯಲ್ಲಿ ಪಕ್ವವಾಗಲು ವರ್ಷಗಳು ಹಿಡಿಯುತ್ತವೆ. ಆದ್ದರಿಂದ ಸಂದರ್ಶಕರ ಕೈ ಸೇರುವುದು ಕೆಲವೇ ಹಂತಗಳಲ್ಲಿ: ಕಬ್ಬು ಅರೆದು ಸಿಹಿಯನ್ನು ಅಳೆಯುವಲ್ಲಿ, ಭಟ್ಟಿಯಿಂದ ಇಳಿದದ್ದನ್ನು ಮೂಸಿ ವಿಂಗಡಿಸುವಲ್ಲಿ, ನೀರು ಬೆರೆಸುವಲ್ಲಿ, ಬೇರೆ ಬೇರೆ ಪೀಪಾಯಿಗಳ ರಮ್ಮನ್ನು ಹದವಾಗಿ ಕೂಡಿಸುವಲ್ಲಿ. ಇಷ್ಟೇನಾ ಎಂದು ನಿರಾಶರಾಗಬೇಕಿಲ್ಲ. ಲೋಟದಲ್ಲಿರುವ ಈ ವಾಸನೆ ಕಬ್ಬಿನಿಂದ ಬಂತೇ, ಯೀಸ್ಟಿನಿಂದ ಬಂತೇ, ಭಟ್ಟಿಯಿಂದಲೇ, ಮರದಿಂದಲೇ, ಇಲ್ಲ ಬಾಟಲಿ ತುಂಬುವ ಮೊದಲು ಯಾರೋ ಸೇರಿಸಿದ ಸಕ್ಕರೆಯಿಂದಲೇ ಎಂದು ಗುರುತಿಸಲು ಕಲಿಯುವುದೇ ಇಂಥ ಕಾರ್ಯಾಗಾರದ ನಿಜವಾದ ಪ್ರಯೋಜನ, ಮತ್ತು ಅದಕ್ಕೆ ಅರ್ಧ ದಿನ ಸಾಕು.

ಮಾರಿಷಸ್ ಈ ಕಲಿಕೆಗೆ ಒಳ್ಳೆಯ ಜಾಗ, ಏಕೆಂದರೆ ರಮ್‌ನ ಎರಡು ದೊಡ್ಡ ಪಂಗಡಗಳೂ ಈ ಪುಟ್ಟ ದ್ವೀಪದಲ್ಲಿ ಅಕ್ಕಪಕ್ಕದಲ್ಲೇ ಸಿಗುತ್ತವೆ. ಕಬ್ಬನ್ನು ಇಲ್ಲಿಗೆ ತಂದವರು ಡಚ್ಚರು, 1639ರಲ್ಲಿ, ಬಟಾವಿಯಾದಿಂದ. ಅಂದರೆ ಇಂದಿನ ಜಕಾರ್ತಾದಿಂದ. ಫ್ರೆಂಚರ ಕಾಲದಲ್ಲಿ, ಅದರಲ್ಲೂ 1735ರಲ್ಲಿ ಗವರ್ನರ್ ಆಗಿ ಬಂದ ಮಾಹೆ ದ ಲಾ ಬುರ್ದೊನೆಯ ಆಡಳಿತದಲ್ಲಿ ಸಕ್ಕರೆ ಉದ್ಯಮ ಬೇರೂರಿತು. 1810ರಲ್ಲಿ ದ್ವೀಪ ಬ್ರಿಟಿಷರ ವಶವಾಯಿತು, 1835ರಲ್ಲಿ ಅಲ್ಲಿ ಗುಲಾಮಗಿರಿ ರದ್ದಾಯಿತು. ಆ ಹೊತ್ತಿಗಾಗಲೇ, 1834ರಿಂದ, ಕರಾರಿನ ಮೇಲೆ ಭಾರತೀಯ ಕೂಲಿಗಳನ್ನು ತರುವ ಪದ್ಧತಿ ಆರಂಭವಾಗಿತ್ತು. ಅವರು ಬಂದಿಳಿದ ಪೋರ್ಟ್ ಲೂಯಿಯ ಅಪ್ರವಾಸಿ ಘಾಟ್ 2006ರಿಂದ ಯುನೆಸ್ಕೊ ವಿಶ್ವ ಪಾರಂಪರಿಕ ತಾಣವಾಗಿದೆ. ಭಟ್ಟಿಮನೆಗೆ ಹೋಗುವ ಮುನ್ನ ಆ ಘಾಟಿನ ಮೆಟ್ಟಿಲುಗಳನ್ನು ನೋಡಿ ಬರುವುದು ಒಳ್ಳೆಯದು. ಸಕ್ಕರೆಯ ಕಥೆಯನ್ನು ಚೆಂದದ ಮರದ ಪೀಪಾಯಿಗಳಿಂದ ಶುರುಮಾಡುವ ಪ್ರವಾಸಿ ವಿವರಣೆಗಳು ಈ ಅಧ್ಯಾಯವನ್ನು ಎರಡು ವಾಕ್ಯಗಳಲ್ಲಿ ದಾಟಿಬಿಡುವುದುಂಟು.

ರಮ್‌ನ ಎರಡು ಪಂಗಡಗಳು ಹುಟ್ಟುವುದು ಕಚ್ಚಾವಸ್ತುವಿನ ವ್ಯತ್ಯಾಸದಿಂದ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲನ್ನು ಕಾಯಿಸಿ, ಸಕ್ಕರೆಯ ಹರಳುಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಕಪ್ಪನೆಯ ಅಂಟು ದ್ರವವೇ ಕಾಕಂಬಿ. ಒಂದು ಟನ್ ಕಬ್ಬಿಗೆ ಸುಮಾರು 40 ಕಿಲೋ ಕಾಕಂಬಿ ಸಿಗುತ್ತದೆ, ಅದರ ತೂಕದಲ್ಲಿ ಅರ್ಧದಷ್ಟು ಹುದುಗಬಲ್ಲ ಸಕ್ಕರೆ ಇನ್ನೂ ಉಳಿದಿರುತ್ತದೆ. ಜಗತ್ತಿನ ಬಹುಪಾಲು ರಮ್ ತಯಾರಾಗುವುದು ಈ ಕಾಕಂಬಿಯಿಂದ. ಇನ್ನೊಂದು ಪಂಗಡದಲ್ಲಿ ಸಕ್ಕರೆ ಮಾಡುವ ಗೋಜೇ ಇಲ್ಲ. ಕಡಿದ ಕಬ್ಬನ್ನು ಬೇಗನೆ ಅರೆದು, ಹಾಲನ್ನು ನೇರವಾಗಿ ಹುದುಗಿಸುತ್ತಾರೆ. ಇದನ್ನು ಫ್ರೆಂಚರು ರಮ್ ಅಗ್ರಿಕೋಲ್ ಎಂದು ಕರೆಯುತ್ತಾರೆ. ಮಾರ್ಟಿನಿಕ್ ದ್ವೀಪದ ಈ ಬಗೆಯ ರಮ್‌ಗೆ 1996ರಿಂದ ಫ್ರೆಂಚ್ ವೈನುಗಳಿಗಿರುವಂಥ ಭೌಗೋಳಿಕ ಮುದ್ರೆಯ ರಕ್ಷಣೆ ಇದೆ. ಮಾರಿಷಸ್‌ನಲ್ಲಿ ಕಬ್ಬಿನ ಹಾಲಿನಿಂದ ರಮ್ ತಯಾರಿಸಲು ಕಾನೂನು ಅನುಮತಿ ಕೊಟ್ಟದ್ದು 2000ದ ದಶಕದಲ್ಲಿ. ಶಾಮರೆಲ್ ಕಣಿವೆಯ ಭಟ್ಟಿಮನೆ 2008ರಲ್ಲಿ ತೆರೆದದ್ದು ಆ ಬದಲಾವಣೆಯ ನಂತರವೇ. ದಕ್ಷಿಣದ ಸೇಂಟ್ ಓಬಾನ್ ತೋಟದಲ್ಲೂ ಈ ಬಗೆಯ ರಮ್ ತಯಾರಾಗುತ್ತದೆ. ಕಾಕಂಬಿಯ ಪಂಗಡಕ್ಕೆ ಗ್ರೇಸ್ ಕಂಪನಿಯ ನ್ಯೂ ಗ್ರೋವ್ ಉದಾಹರಣೆ.

ಕಾರ್ಯಾಗಾರದ ಮೊದಲ ಕೆಲಸ ಸಾಮಾನ್ಯವಾಗಿ ಒಂದು ಜಲ್ಲೆ ಕಬ್ಬನ್ನು ಗಾಣಕ್ಕೆ ಕೊಡುವುದು. ಮಂಡ್ಯದ ಆಲೆಮನೆಯನ್ನು ಕಂಡವರಿಗೆ ಇದರಲ್ಲಿ ಹೊಸದೇನೂ ಇಲ್ಲ, ಆದರೆ ಮುಂದಿನ ಅಳತೆಯನ್ನು ಮಾತ್ರ ಬಿಡಬಾರದು. ರಿಫ್ರಾಕ್ಟೋಮೀಟರ್ ಎಂಬ ಕೈಯಗಲದ ಉಪಕರಣದ ಗಾಜಿನ ಮೇಲೆ ಕಬ್ಬಿನ ಹಾಲಿನ ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ, ಒಳಗೆ ನೀಲಿಗೂ ಬಿಳಿಗೂ ನಡುವಿನ ಗೆರೆ ಒಂದು ಅಂಕೆಯ ಮೇಲೆ ನಿಲ್ಲುತ್ತದೆ. ಅದು ಬ್ರಿಕ್ಸ್, ಅಂದರೆ ನೂರು ಗ್ರಾಂ ರಸದಲ್ಲಿ ಕರಗಿರುವ ಸಕ್ಕರೆಯ ಅಂದಾಜು ಗ್ರಾಂ. ಒಳ್ಳೆಯ ಕಬ್ಬಿನ ಹಾಲು 15ರಿಂದ 20ರ ನಡುವೆ ಇರುತ್ತದೆ. ಕಾಕಂಬಿ 80ರ ಆಸುಪಾಸಿನಲ್ಲಿರುತ್ತದೆ. ಅಷ್ಟು ಗಟ್ಟಿ ದ್ರವದಲ್ಲಿ ಯೀಸ್ಟ್ ಬದುಕಲಾರದಾದ್ದರಿಂದ ಕಾಕಂಬಿಗೆ ಧಾರಾಳವಾಗಿ ನೀರು ಬೆರೆಸಿ ತೆಳುಮಾಡುತ್ತಾರೆ. ಕಬ್ಬಿನ ಹಾಲಿನ ಸಮಸ್ಯೆ ಬೇರೆ: ಅದು ಗಂಟೆಗಳಲ್ಲೇ ಹುಳಿಯುತ್ತದೆ. ಹಾಗಾಗಿ ಕಾಕಂಬಿಯ ಭಟ್ಟಿಮನೆ ವರ್ಷವಿಡೀ ನಡೆಯಬಲ್ಲದು, ಕಬ್ಬಿನ ಹಾಲಿನ ಭಟ್ಟಿಮನೆ ಕಟಾವಿನ ಕಾಲದಲ್ಲಿ ಮಾತ್ರ. ದಕ್ಷಿಣ ಗೋಳಾರ್ಧದ ಮಾರಿಷಸ್‌ನಲ್ಲಿ ಕಟಾವು ಸುಮಾರು ಜೂನ್ ಕೊನೆಯಿಂದ ಡಿಸೆಂಬರ್‌ವರೆಗೆ ನಡೆಯುತ್ತದೆ. ನಮ್ಮ ಬೇಸಿಗೆ ರಜೆಯಲ್ಲಿ ಹೋದವರಿಗೆ ಸ್ತಬ್ಧವಾದ ಗಾಣ, ತಣ್ಣಗಿನ ಭಟ್ಟಿ, ಒಂದು ವಿಡಿಯೊ ಇಷ್ಟೇ ದೊರೆಯುವ ಸಾಧ್ಯತೆ ಇದೆ.

ಇನ್ನು ಹುದುಗುವಿಕೆ. ರಮ್‌ನ ಸ್ವಭಾವ ನಿರ್ಧಾರವಾಗುವುದು ಇಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೂ ಹೆಚ್ಚಿನ ಪ್ರವಾಸಿ ಕಾರ್ಯಾಗಾರಗಳು ಫಳಫಳ ಹೊಳೆಯುವ ತಾಮ್ರದ ಭಟ್ಟಿಯ ಮುಂದೆ ಅರ್ಧ ಗಂಟೆ ನಿಲ್ಲಿಸಿ, ಹುದುಗುವ ತೊಟ್ಟಿಗಳ ಮುಂದೆ ಐದು ನಿಮಿಷವೂ ನಿಲ್ಲಿಸುವುದಿಲ್ಲ. ತೊಟ್ಟಿಯೊಳಗಿನ ಮೂಲಕ್ರಿಯೆ ಸರಳ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ; ಲೆಕ್ಕದ ಪ್ರಕಾರ 100 ಗ್ರಾಂ ಸಕ್ಕರೆಗೆ ಸುಮಾರು 51 ಗ್ರಾಂ ಆಲ್ಕೋಹಾಲ್, 49 ಗ್ರಾಂ ಅನಿಲ. ಈ ಮುಖ್ಯ ಕೆಲಸದ ಜೊತೆಜೊತೆಗೆ ಯೀಸ್ಟ್ ನೂರಾರು ಬಗೆಯ ಇತರ ಪದಾರ್ಥಗಳನ್ನೂ ಸ್ವಲ್ಪ ಸ್ವಲ್ಪವೇ ಹೊರಹಾಕುತ್ತದೆ. ಅವುಗಳಲ್ಲಿ ಎಸ್ಟರುಗಳು ಮುಖ್ಯ. ಆಮ್ಲವೊಂದು ಆಲ್ಕೋಹಾಲಿನೊಡನೆ ಕೂಡಿದಾಗ ಹುಟ್ಟುವ ಸಂಯುಕ್ತವೇ ಎಸ್ಟರ್, ಹಣ್ಣುಗಳ ಪರಿಮಳದ ಮೂಲವೂ ಅದೇ. ಐಸೊಅಮೈಲ್ ಅಸಿಟೇಟ್ ಬಾಳೆಹಣ್ಣಿನಂತೆ, ಈಥೈಲ್ ಬ್ಯುಟಿರೇಟ್ ಅನಾನಸಿನಂತೆ ಘಮಘಮಿಸುತ್ತವೆ. ರಮ್‌ನಲ್ಲಿ ಯಾರೂ ಬಾಳೆಹಣ್ಣು ಹಾಕದೆಯೂ ಬಾಳೆಹಣ್ಣಿನ ವಾಸನೆ ಬರುವ ಗುಟ್ಟು ಇದು.

ಎಷ್ಟು ಹೊತ್ತು ಹುದುಗಿಸಬೇಕು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಪ್ಯಾಕೆಟ್ಟಿನ ಚುರುಕಾದ ಯೀಸ್ಟ್ ಹಾಕಿ, ತಾಪವನ್ನು 30ರಿಂದ 33 ಡಿಗ್ರಿಯ ಸುಮಾರಿನಲ್ಲಿ ಕಾಯ್ದುಕೊಂಡರೆ ಒಂದೆರಡು ದಿನಗಳಲ್ಲಿ ಕೆಲಸ ಮುಗಿದು, ಶೇಕಡ 5ರಿಂದ 9ರಷ್ಟು ಆಲ್ಕೋಹಾಲ್ ಇರುವ, ಹುಳಿ ಬಿಯರಿನಂಥ ದ್ರವ ಸಿಗುತ್ತದೆ. ಇದರಿಂದ ಬರುವ ರಮ್ ಹಗುರ, ಸ್ವಚ್ಛ. ಅದೇ ದ್ರವವನ್ನು ವಾರಗಟ್ಟಲೆ ತೆರೆದ ಮರದ ತೊಟ್ಟಿಯಲ್ಲಿ ಬಿಟ್ಟರೆ ಗಾಳಿಯಲ್ಲಿರುವ ಕಾಡು ಯೀಸ್ಟುಗಳೂ ಬ್ಯಾಕ್ಟೀರಿಯಾಗಳೂ ಸೇರಿಕೊಂಡು ಆಮ್ಲಗಳನ್ನು ಹೆಚ್ಚಿಸುತ್ತವೆ, ಆಮ್ಲ ಹೆಚ್ಚಿದಂತೆ ಎಸ್ಟರುಗಳೂ ಹೆಚ್ಚುತ್ತವೆ. ಇದನ್ನು ತುತ್ತತುದಿಗೆ ಒಯ್ದವರು ಜಮೈಕಾದವರು. ಅಲ್ಲಿನ ಟ್ರೆಲಾನಿ ಪ್ರಾಂತದ ಹ್ಯಾಂಪ್‌ಡೆನ್ ಭಟ್ಟಿಮನೆಯಲ್ಲಿ ಹೊರಗಿನ ಯೀಸ್ಟನ್ನೇ ಹಾಕುವುದಿಲ್ಲ. ಹಿಂದಿನ ಸಲ ಭಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿದ, ಡಂಡರ್ ಎಂದು ಕರೆಯುವ ಹುಳಿ ದ್ರವವನ್ನು ಹೊಸ ತೊಟ್ಟಿಗೆ ಸೇರಿಸುತ್ತಾರೆ. ಗುಂಡಿಯಲ್ಲಿ ಕೊಳೆಯಲು ಬಿಟ್ಟ ಇನ್ನೊಂದು ಮಿಶ್ರಣವನ್ನೂ ಬಳಸುತ್ತಾರೆ, ಅದರ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ಆ ದುರ್ವಾಸನೆಗೆ ಬ್ಯುಟಿರಿಕ್ ಆಮ್ಲವೂ ಒಂದು ಕಾರಣ. ಕಮಟು ಬೆಣ್ಣೆಯ ವಾಸನೆ ಅದರದೇ. ಆಲ್ಕೋಹಾಲಿನೊಡನೆ ಕೂಡಿದಾಗ ಅದೇ ಆಮ್ಲ ಮೇಲೆ ಹೇಳಿದ ಅನಾನಸಿನ ಎಸ್ಟರಾಗುತ್ತದೆ.

ಎಸ್ಟರುಗಳ ಪ್ರಮಾಣವನ್ನು ನೂರು ಲೀಟರ್ ಶುದ್ಧ ಆಲ್ಕೋಹಾಲಿಗೆ ಇಷ್ಟು ಗ್ರಾಂ ಎಂದು ಅಳೆಯುತ್ತಾರೆ. ಹಗುರ ರಮ್‌ಗಳಲ್ಲಿ ಅದು ಕೆಲವು ಹತ್ತುಗಳಲ್ಲಿ ಇರುತ್ತದೆ. ಜಮೈಕಾದ ಅತಿ ಗಾಢ ಬಗೆಗಳಲ್ಲಿ 1,500ನ್ನೂ ದಾಟುತ್ತದೆ. ಅಂಥದ್ದನ್ನು ಸಾಮಾನ್ಯವಾಗಿ ಹಾಗೆಯೇ ಕುಡಿಯುವುದಿಲ್ಲ. ಸಪ್ಪೆ ರಮ್‌ಗಳಿಗೆ ಒಗ್ಗರಣೆಯಂತೆ ಸ್ವಲ್ಪ ಬೆರೆಸಲು, ಮಿಠಾಯಿ ಮತ್ತು ಸುಗಂಧದ ಉದ್ಯಮಗಳಿಗೆ ಮಾರಲು ಬಳಸುತ್ತಾರೆ. ಮಾರಿಷಸ್‌ನ ರಮ್‌ಗಳು ಇಷ್ಟು ಉಗ್ರವಲ್ಲ. ಆದ್ದರಿಂದ ಅಲ್ಲಿನ ಕಾರ್ಯಾಗಾರದಲ್ಲಿ "ಎಷ್ಟು ಗಂಟೆ ಹುದುಗಿಸುತ್ತೀರಿ, ಯಾವ ಯೀಸ್ಟ್ ಬಳಸುತ್ತೀರಿ" ಎಂದು ಕೇಳಿದರೆ ಸಿಗುವ ಉತ್ತರ ಲೋಟದ ಅರ್ಧ ರುಚಿಯನ್ನು ಮೊದಲೇ ಹೇಳಿಬಿಡುತ್ತದೆ. ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು: ಹುದುಗುತ್ತಿರುವ ತೊಟ್ಟಿಯ ಮೇಲೆ ಬಗ್ಗಿ ಉಸಿರೆಳೆದುಕೊಳ್ಳಬಾರದು. ದ್ರವದ ಮೇಲೆ ಇಂಗಾಲದ ಡೈಆಕ್ಸೈಡ್ ದಟ್ಟವಾಗಿ ನಿಂತಿರುತ್ತದೆ, ಮೂಗಿಗೆ ಚುಚ್ಚಿದಂತಾಗಿ ತಲೆ ಸುತ್ತುತ್ತದೆ. ಕೈಯಿಂದ ಗಾಳಿಯನ್ನು ಮೂಗಿನತ್ತ ಬೀಸಿಕೊಂಡರೆ ಸಾಕು.

ಭಟ್ಟಿಯ ತತ್ತ್ವ ಎಲ್ಲರಿಗೂ ಶಾಲೆಯಿಂದಲೇ ಗೊತ್ತು. ಆಲ್ಕೋಹಾಲ್ ಸುಮಾರು 78 ಡಿಗ್ರಿಯಲ್ಲಿ, ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಆವಿಯನ್ನು ಹಿಡಿದು ತಣಿಸಿದರೆ ಆಲ್ಕೋಹಾಲ್ ಹೆಚ್ಚಿರುವ ದ್ರವ ದೊರೆಯುತ್ತದೆ. ಹಂಡೆಯಾಕಾರದ ಪಾಟ್ ಸ್ಟಿಲ್‌ನಲ್ಲಿ ಇದನ್ನು ಒಂದೊಂದು ಹಂಡೆಯಾಗಿ, ಸಾಮಾನ್ಯವಾಗಿ ಎರಡು ಬಾರಿ ಮಾಡುತ್ತಾರೆ: ಮೊದಲ ಸಲ ಶೇಕಡ 25ರ ಆಸುಪಾಸು, ಎರಡನೆಯ ಸಲ 70ರ ಆಸುಪಾಸು. ಎತ್ತರದ ಗೋಪುರದಂತಿರುವ ಕಾಲಮ್ ಸ್ಟಿಲ್‌ನಲ್ಲಿ ತಟ್ಟೆಗಳ ಸಾಲಿನ ಮೂಲಕ ಆವಿ ಮೇಲೇರುತ್ತ, ದ್ರವ ಕೆಳಗಿಳಿಯುತ್ತ, ನಿಲ್ಲದೆ ಕೆಲಸ ನಡೆಯುತ್ತದೆ, ಬೇಕೆಂದರೆ ಶೇಕಡ 95ರವರೆಗೂ ಶುದ್ಧಗೊಳಿಸಬಹುದು. ಶುದ್ಧತೆ ಏರಿದಷ್ಟೂ ಹುದುಗುವಾಗ ಹುಟ್ಟಿದ ಪರಿಮಳಗಳು ಹಿಂದೆ ಉಳಿಯುತ್ತವೆ. ಶೇಕಡ 95ಕ್ಕೆ ಏರಿದ ದ್ರವದಲ್ಲಿ ಕಬ್ಬಿನ ಗುರುತು ಹುಡುಕುವುದು ಕಷ್ಟ. ಮಾರ್ಟಿನಿಕ್‌ನ ನಿಯಮ ರಮ್ಮನ್ನು ಶೇಕಡ 65ರಿಂದ 75ರೊಳಗೇ ಇಳಿಸಬೇಕೆಂದು ಕಟ್ಟುಪಾಡು ಹಾಕಿರುವುದು ಇದೇ ಕಾರಣಕ್ಕೆ. ಪಾಟ್ ಶ್ರೇಷ್ಠ, ಕಾಲಮ್ ಕನಿಷ್ಠ ಎಂಬ ಮಾತು ಮಾತ್ರ ಸರಿಯಲ್ಲ. ಎಷ್ಟಕ್ಕೆ ಇಳಿಸುತ್ತಾರೆ ಎಂಬುದು ಮುಖ್ಯ, ಯಂತ್ರದ ಆಕಾರವಲ್ಲ.

ಕೈಯಾರೆ ಕಲಿಯುವ ಪಾಠಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಇಲ್ಲಿದೆ. ಪಾಟ್ ಸ್ಟಿಲ್‌ನಿಂದ ಮೊದಲು ಇಳಿಯುವ ದ್ರವವನ್ನು ತಲೆಭಾಗ, ನಂತರದ್ದನ್ನು ನಡುಭಾಗ, ಕೊನೆಯದನ್ನು ಬಾಲಭಾಗ ಎಂದು ವಿಂಗಡಿಸುತ್ತಾರೆ, ಕುಡಿಯಲು ಯೋಗ್ಯವಾದದ್ದು ನಡುಭಾಗ ಮಾತ್ರ. ನಾನು ಭಾಗವಹಿಸಿದ ಒಂದು ಕಡೆ, ಒಂದೇ ಸಲದ ಭಟ್ಟಿಯಿಂದ ಹೊತ್ತುಹೊತ್ತಿಗೆ ಹಿಡಿದಿಟ್ಟ ಪುಟ್ಟ ಸೀಸೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಯಾವ ಸೀಸೆಯಿಂದ ಯಾವ ಸೀಸೆಯವರೆಗೆ ಇಟ್ಟುಕೊಳ್ಳುತ್ತೀರಿ ಎಂದು ಕೇಳಿದರು. ಮೊದಲ ಸೀಸೆಗಳಲ್ಲಿ ಉಗುರುಬಣ್ಣ ಅಳಿಸುವ ದ್ರವದ ಕಟುವಾದ ವಾಸನೆ, ಅದು ಈಥೈಲ್ ಅಸಿಟೇಟಿನದು. ಅದರ ಹಿಂದೆಯೇ ಅಸಿಟಾಲ್ಡಿಹೈಡಿನ ಹಸಿ ಸೇಬಿನ ವಾಸನೆ. ಎರಡು ಸೀಸೆ ದಾಟುವಷ್ಟರಲ್ಲಿ ಆ ಚುಚ್ಚು ಇಳಿದು, ಬಾಳೆಹಣ್ಣು, ಆಗಷ್ಟೇ ಅರೆದ ಕಬ್ಬು, ಸ್ವಲ್ಪ ಕಾಳುಮೆಣಸು ತೋರತೊಡಗಿದವು. ಕೊನೆಯ ಸೀಸೆಗಳಲ್ಲಿ ನೆನೆದ ರಟ್ಟು, ಒದ್ದೆ ಗೋಣಿಚೀಲ, ಬೇಯಿಸಿ ಮರೆತ ಸೊಪ್ಪು. ತಲೆಯನ್ನು ಬಿಡುವ ಜಾಗದಲ್ಲಿ ಎಲ್ಲರೂ ಹೆಚ್ಚುಕಡಿಮೆ ಒಂದೇ ಸೀಸೆಗೆ ಕೈ ಹಾಕಿದರು. ಬಾಲವನ್ನು ಎಲ್ಲಿ ಕತ್ತರಿಸಬೇಕೆಂಬುದರಲ್ಲಿ ಮಾತ್ರ ಒಮ್ಮತ ಮೂಡಲಿಲ್ಲ, ಮೂಡಲೂಬಾರದು: ಬಾಲದ ಕಡೆಗೆ ಸ್ವಲ್ಪ ಹೆಚ್ಚು ಹೋದರೆ ಭಾರವಾದ, ಪೀಪಾಯಿಯಲ್ಲಿ ಬಹುಕಾಲ ಇಡಲು ಯೋಗ್ಯವಾದ ರಮ್ ಸಿಗುತ್ತದೆ, ಬೇಗ ಕತ್ತರಿಸಿದರೆ ಈಗಲೇ ಕುಡಿಯಬಹುದಾದ ಹಗುರ ರಮ್.

ಈ ಹಂತದಲ್ಲಿ ನಮ್ಮವರು ತಪ್ಪದೆ ಕೇಳುವ ಪ್ರಶ್ನೆ ಮೆಥನಾಲಿನದು, ಕಳ್ಳಭಟ್ಟಿಯ ದುರಂತಗಳ ಸುದ್ದಿ ಓದಿ ಬೆಳೆದವರಿಗೆ ಅದು ಸಹಜ. ಮೆಥನಾಲ್ ಹೆಚ್ಚಾಗಿ ಹುಟ್ಟುವುದು ಹಣ್ಣಿನ ಸಿಪ್ಪೆ ಮತ್ತು ತಿರುಳಿನಲ್ಲಿರುವ ಪೆಕ್ಟಿನ್‌ನಿಂದ. ಕಬ್ಬಿನ ಹಾಲಿನಲ್ಲೂ ಕಾಕಂಬಿಯಲ್ಲೂ ಪೆಕ್ಟಿನ್ ತೀರಾ ಕಡಿಮೆಯಾದ್ದರಿಂದ ರಮ್‌ನಲ್ಲಿ ಅದರ ಪ್ರಮಾಣ ಅತ್ಯಲ್ಪ. ತಲೆಭಾಗವನ್ನು ಚೆಲ್ಲಿದರೆ ಮೆಥನಾಲ್ ಪೂರ್ತಿ ಹೋಗುತ್ತದೆ ಎಂಬ ಜನಪ್ರಿಯ ವಿವರಣೆಯೂ ತಪ್ಪು. ಅದು ಭಟ್ಟಿಯುದ್ದಕ್ಕೂ ಹರಡಿಕೊಂಡೇ ಇಳಿಯುತ್ತದೆ. ಕಳ್ಳಭಟ್ಟಿ ಕುಡಿದು ಸಾಮೂಹಿಕ ಸಾವುಗಳಾಗುವುದು ಬಹುಮಟ್ಟಿಗೆ ಕಾರ್ಖಾನೆಗಳಲ್ಲಿ ಬಳಸುವ ಮೆಥನಾಲನ್ನು ಅದಕ್ಕೆ ಬೆರೆಸಿ ಮಾರುವುದರಿಂದ. ಇಷ್ಟು ತಿಳಿದ ಮಾತ್ರಕ್ಕೆ ಊರಿಗೆ ಮರಳಿ ಪ್ರೆಷರ್ ಕುಕ್ಕರಿಗೆ ನಳಿಗೆ ಜೋಡಿಸಲು ಹೊರಡಬಾರದು. ಪರವಾನಗಿ ಇಲ್ಲದೆ ಮದ್ಯ ಭಟ್ಟಿ ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ.

ನೀರು ಬೆರೆಸುವುದು ಯಾರೂ ಮಾತಾಡದ ಹಂತ. ಶೇಕಡ 70ರ ಒಂದು ಲೀಟರ್ ದ್ರವವನ್ನು 40ಕ್ಕೆ ಇಳಿಸಿದರೆ ಒಂದೂಮುಕ್ಕಾಲು ಲೀಟರ್ ಆಗುತ್ತದೆ. ಅದಕ್ಕೆ ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚೇ ನೀರು ಬೇಕು, ಏಕೆಂದರೆ ಆಲ್ಕೋಹಾಲೂ ನೀರೂ ಸೇರಿದಾಗ ಒಟ್ಟು ಗಾತ್ರ ಕೊಂಚ ಕುಗ್ಗುತ್ತದೆ. ಒಮ್ಮೆಗೇ ಸುರಿದರೆ ದ್ರವ ಮಂಜುಮಂಜಾಗಿ ರುಚಿಯೂ ಹಳಸಿದಂತಾಗುವುದರಿಂದ ಕಾಳಜಿಯುಳ್ಳವರು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ನೀರು ಸೇರಿಸುತ್ತಾರೆ.

ಪೀಪಾಯಿಗಳ ಕೋಣೆಗೆ ಬಂದಾಗ ಫೋಟೊ ತೆಗೆಯುವವರ ಗುಂಪೇ ಸೇರುತ್ತದೆ. ಹೆಚ್ಚಿನ ಪೀಪಾಯಿಗಳು ಅಮೆರಿಕದಿಂದ ಬಂದ, ಸುಮಾರು 200 ಲೀಟರಿನ, ಬಿಳಿ ಓಕ್ ಮರದವು. ಬೂರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಪಾತ್ರೆಯಲ್ಲೇ ಇಡಬೇಕೆಂದು ಅಲ್ಲಿನ ಕಾನೂನು ಹೇಳುವುದರಿಂದ, ಒಮ್ಮೆ ಬಳಸಿದ ಪೀಪಾಯಿಗಳು ರಮ್‌ನವರಿಗೆ ಅಗ್ಗವಾಗಿ ಸಿಗುತ್ತವೆ. ವೆನಿಲಾ, ತೆಂಗಿನಕಾಯಿ, ಲವಂಗದ ಪರಿಮಳಗಳೂ ಹೊಂಬಣ್ಣವೂ ಮರದಿಂದ ಬರುತ್ತವೆ. ಉಷ್ಣವಲಯದ ಸೆಕೆಗೆ ಈ ಕೆಲಸ ಬೇಗ ನಡೆಯುತ್ತದೆ, ಆದರೆ ಆವಿಯಾಗಿ ಹೋಗುವುದೂ ಹೆಚ್ಚು. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇಕಡ 2ರಷ್ಟು ಕಡಿಮೆಯಾದರೆ ಉಷ್ಣ ದ್ವೀಪಗಳಲ್ಲಿ ಅದು 6ನ್ನೂ ಮೀರಬಹುದು. ವರ್ಷಕ್ಕೆ 6ರ ಲೆಕ್ಕದಲ್ಲಿ ಹತ್ತು ವರ್ಷಗಳಾಗುವಾಗ 200 ಲೀಟರಿನಲ್ಲಿ ಉಳಿಯುವುದು ಸುಮಾರು 108 ಲೀಟರ್. ಹತ್ತು ವರ್ಷದ ಅಸಲಿ ರಮ್ ದುಬಾರಿಯಾಗಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

"ಅಸಲಿ" ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಲೇಬಲ್ಲಿನ ಮೇಲಿನ ಅಂಕೆ ಕೆಲವು ದೇಶಗಳಲ್ಲಿ ಮಿಶ್ರಣದ ಅತ್ಯಂತ ಎಳೆಯ ರಮ್‌ನ ವಯಸ್ಸನ್ನು ಸೂಚಿಸುತ್ತದೆ. ಜಮೈಕಾ ಮತ್ತು ಬಾರ್ಬಡೋಸ್‌ಗಳು ಈ ಪದ್ಧತಿಯವು. ಮತ್ತೆ ಕೆಲವೆಡೆ ಸೊಲೆರಾ ಎಂಬ ಹೆಸರಿನಲ್ಲಿ ಹಳೆಯದಕ್ಕೆ ಹೊಸದನ್ನು ಸೇರಿಸುತ್ತ ಹೋಗುವ ಪದ್ಧತಿಯಿದ್ದು, ಲೇಬಲ್ಲಿನ ದೊಡ್ಡ ಅಂಕೆ ಅದರಲ್ಲಿ ಇರಬಹುದಾದ ಅತಿ ಹಳೆಯ ಹನಿಯದ್ದಾಗಿರುತ್ತದೆ. ಗಾಢ ಬಣ್ಣವೂ ವಯಸ್ಸಿಗೆ ಸಾಕ್ಷಿಯಲ್ಲ, ಏಕೆಂದರೆ ಸುಟ್ಟ ಸಕ್ಕರೆಯ ಬಣ್ಣವನ್ನು ಸೇರಿಸುವುದು ಬಹಳ ಕಡೆ ಕಾನೂನುಬದ್ಧ.

ಸಿಹಿಯ ವಿಷಯವನ್ನು ಕಣ್ಣಾರೆ ಪರೀಕ್ಷಿಸಬಹುದು, ಮತ್ತು ಒಳ್ಳೆಯ ಕಾರ್ಯಾಗಾರ ಇದಕ್ಕೆ ಹಿಂಜರಿಯುವುದಿಲ್ಲ. ಆಲ್ಕೋಹಾಲ್ ಅಳೆಯುವ ಗಾಜಿನ ಹೈಡ್ರೋಮೀಟರ್ ದ್ರವದ ಸಾಂದ್ರತೆಯನ್ನು ನೋಡಿ ಅಂಕೆ ತೋರಿಸುತ್ತದೆ. ಬರೀ ಆಲ್ಕೋಹಾಲೂ ನೀರೂ ಇದ್ದರೆ ಲೇಬಲ್ಲಿನಲ್ಲಿ 40 ಎಂದಿದ್ದದ್ದು ಕೊಳವೆಯಲ್ಲೂ 40ರ ಹತ್ತಿರವೇ ನಿಲ್ಲಬೇಕು. ಸಕ್ಕರೆ ಕರಗಿಸಿದ್ದರೆ ಸಾಂದ್ರತೆ ಹೆಚ್ಚಿ ಉಪಕರಣ ಮೇಲೆ ತೇಲುತ್ತದೆ, ಅಂಕೆ ಕೆಳಗಿಳಿಯುತ್ತದೆ. ಲೀಟರಿಗೆ 20 ಗ್ರಾಂ ಸಕ್ಕರೆ ಇದ್ದರೆ 40ರ ಜಾಗದಲ್ಲಿ ಸುಮಾರು 35 ಕಾಣುತ್ತದೆ. ಯುರೋಪಿಯನ್ ಒಕ್ಕೂಟದ 2019ರ ನಿಯಮದ ಪ್ರಕಾರ ರಮ್ ಎಂಬ ಹೆಸರಿನಲ್ಲಿ ಮಾರುವ ಪಾನೀಯದಲ್ಲಿ ಲೀಟರಿಗೆ 20 ಗ್ರಾಂ ಸಿಹಿಯೇ ಮಿತಿ. ಬಾಯಿಗೆ ಜೇನಿನಂತೆ ನುಣುಪಾಗಿ ಹತ್ತುವ ದುಬಾರಿ ಬಾಟಲಿಯನ್ನು "ಎಷ್ಟು ಸ್ಮೂತ್" ಎಂದು ಮೆಚ್ಚಿಕೊಳ್ಳುವವರು ಈ ಪರೀಕ್ಷೆಯನ್ನು ಒಮ್ಮೆ ನೋಡಬೇಕು.

ರುಚಿ ನೋಡುವ ಭಾಗದಲ್ಲಿ ಮೂಗಿಗೇ ಹೆಚ್ಚು ಕೆಲಸ. ಬಾಯಿ ಕಿರಿದಾದ ಲೋಟದಲ್ಲಿ ಒಂದು ಚಮಚೆಯಷ್ಟು ಹಾಕಿಸಿಕೊಂಡು, ಮೂಗನ್ನು ಒಳಗೆ ತೂರಿಸದೆ ಅಂಚಿನ ಮೇಲೆ ಹಿಡಿದು, ಬಾಯಿಯನ್ನು ತುಸು ತೆರೆದಿಟ್ಟುಕೊಂಡು ಮೆಲ್ಲಗೆ ಉಸಿರೆಳೆಯಬೇಕು. ಮೊದಲ ಗುಟುಕು ನಾಲಿಗೆಯನ್ನು ಒಗ್ಗಿಸಲು ಮಾತ್ರ, ತೀರ್ಪಿಗಲ್ಲ. ನಂತರ ನಾಲ್ಕು ಹನಿ ನೀರು ಸೇರಿಸಿ ಮತ್ತೆ ಮೂಸಿದರೆ ಉರಿ ಇಳಿದು, ಅಡಗಿದ್ದ ಪರಿಮಳಗಳು ಮೇಲೇಳುತ್ತವೆ. ಬಿಳಿಯದರಿಂದ ಹಳೆಯದಕ್ಕೆ, ಹಗುರದಿಂದ ಗಾಢಕ್ಕೆ ಹೋಗುವುದು ಕ್ರಮ. ಮೂಗು ದಣಿದರೆ ಕಾಫಿಬೀಜ ಮೂಸುವುದಕ್ಕಿಂತ ತಮ್ಮದೇ ಅಂಗಿಯ ತೋಳನ್ನು ಮೂಸುವುದು ಮೇಲು. ಕಬ್ಬಿನ ಹಾಲಿನ ಬಿಳಿ ರಮ್ಮನ್ನೂ ಕಾಕಂಬಿಯ ಬಿಳಿ ರಮ್ಮನ್ನೂ ಪಕ್ಕಪಕ್ಕ ಇಟ್ಟು ನೋಡುವ ಅವಕಾಶವನ್ನು ಕೇಳಿ ಪಡೆಯಬೇಕು. ಮೊದಲನೆಯದರಲ್ಲಿ ಹಸಿ ಹುಲ್ಲು, ಮಳೆಗೆ ನೆಂದ ಮಣ್ಣು, ಕೆಲವೊಮ್ಮೆ ಉಪ್ಪಿನಲ್ಲಿಟ್ಟ ಕಾಯಿಯ ಛಾಯೆ. ಎರಡನೆಯದರಲ್ಲಿ ಬಾಳೆಹಣ್ಣು, ಬೆಣ್ಣೆ, ಸುಟ್ಟ ಸಕ್ಕರೆ. ಸಿಹಿಯಾದ ಕಪ್ಪು ರಮ್ಮೇ ರಮ್ ಎಂದು ಭಾರತದಲ್ಲಿ ರೂಢಿಯಾದವರಿಗೆ ಮೊದಲನೆಯದು ತಬ್ಬಿಬ್ಬುಗೊಳಿಸುತ್ತದೆ. ಬೆಲ್ಲದಿಂದ ಬರುವ ರಮ್ ಇನ್ನೂ ಬೇರೆಯೇ ಒಂದು ದಾರಿ. ಬೆಂಗಳೂರಿನ ಅಮೃತ್ ಕಂಪನಿ ಕೆರಿಬಿಯನ್ ರಮ್‌ಗಳೊಂದಿಗೆ ಬೆಲ್ಲದ ರಮ್ ಬೆರೆಸಿ ಟೂ ಇಂಡೀಸ್ ಎಂಬುದನ್ನು ತಯಾರಿಸುತ್ತದೆ. ಹೋಲಿಕೆಗೆ ಊರಲ್ಲೇ ಮೊದಲು ಅದರ ರುಚಿ ನೋಡಿ ಹೋಗಬಹುದು.

ಪ್ರಮಾಣದ ಲೆಕ್ಕವನ್ನು ಮರೆಯಬಾರದು. ತಲಾ 15 ಮಿಲಿಯ ಆರು ಲೋಟ ಎಂದರೆ 90 ಮಿಲಿ, ಅಂದರೆ ಒಂದು ಲಾರ್ಜ್ ಮತ್ತು ಒಂದು ಸ್ಮಾಲ್. ಬಿಳಿ ಅಗ್ರಿಕೋಲ್ ಶೇಕಡ 50ರದ್ದಾದರೆ ಇನ್ನೂ ಹೆಚ್ಚು. ಉಗುಳಲು ಇಟ್ಟಿರುವ ಪಾತ್ರೆಯನ್ನು ಬಳಸುವುದರಲ್ಲಿ ನಾಚಿಕೆಯಿಲ್ಲ, ವೃತ್ತಿಪರರು ಮಾಡುವುದೂ ಅದನ್ನೇ. ಕುಡಿಯದವರು ಬರೀ ಮೂಸಿಯೂ ಕಾರ್ಯಾಗಾರದ ಮುಕ್ಕಾಲು ಪಾಠವನ್ನು ಕಲಿಯಬಹುದು. ಶಾಮರೆಲ್‌ಗೆ ಹೋಗುವ ಬೆಟ್ಟದ ರಸ್ತೆ ತಿರುವುಗಳಿಂದ ತುಂಬಿದೆ. ಕಾರು ಬಾಡಿಗೆಗೆ ಪಡೆದು ತಾವೇ ಓಡಿಸುವ ಯೋಚನೆಯನ್ನು ಆ ದಿನದ ಮಟ್ಟಿಗೆ ಕೈಬಿಡುವುದು ಕ್ಷೇಮ.

ಕೊನೆಯ ಚಟುವಟಿಕೆ ಬೆರೆಸುವುದು. ಮೂರು ನಾಲ್ಕು ಬಗೆಯ ರಮ್, ಅಳತೆಯ ಕೊಳವೆ, ಒಂದು ಖಾಲಿ ಬಾಟಲಿ ಕೊಡುತ್ತಾರೆ. ಎಲ್ಲವನ್ನೂ ಸಮಪಾಲಾಗಿ ಸೇರಿಸಿದರೆ ಸಾಮಾನ್ಯವಾಗಿ ಯಾವುದರ ಗುಣವೂ ಉಳಿಯದ ಮಿಶ್ರಣವಾಗುತ್ತದೆ. ಒಂದನ್ನು ಮುಕ್ಕಾಲು ಪಾಲು ಬುನಾದಿಯಾಗಿಟ್ಟುಕೊಂಡು, ಅದಕ್ಕೆ ಯಾವುದರ ಕೊರತೆ ಇದೆಯೋ ಅದನ್ನಷ್ಟೇ ಹತ್ತು ಮಿಲಿಯ ಮಾದರಿಯಲ್ಲಿ ಮೊದಲು ಪ್ರಯೋಗಿಸಿ, ಆಮೇಲೆ ಬಾಟಲಿಗೆ ಹಾಕಬೇಕು.

ಮಾರಿಷಸ್ ಮತ್ತು ನೆರೆಯ ರಿಯೂನಿಯನ್ ದ್ವೀಪಗಳಲ್ಲಿ ಇದರ ಬದಲಿಗೆ ಅಥವಾ ಇದರ ಜೊತೆಗೆ ರಮ್ ಅರಾಂಜೆ ಮಾಡಿಸುವುದುಂಟು. ಬಿಳಿ ರಮ್‌ನಲ್ಲಿ ಹಣ್ಣು, ಕಿತ್ತಳೆಸಿಪ್ಪೆ, ದಾಲ್ಚಿನ್ನಿ, ವೆನಿಲಾ ಕೋಡುಗಳನ್ನು ತಿಂಗಳುಗಟ್ಟಲೆ ನೆನೆಸಿಡುವ ಮನೆಮನೆಯ ಪದ್ಧತಿ ಅದು. ವೆನಿಲಾ ಇಲ್ಲಿ ಬರೀ ಅಲಂಕಾರವಲ್ಲ: 1841ರಲ್ಲಿ ರಿಯೂನಿಯನ್‌ನಲ್ಲಿ ಎಡ್ಮಂಡ್ ಅಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ವೆನಿಲಾ ಹೂವಿಗೆ ಕೈಯಿಂದ ಪರಾಗಸ್ಪರ್ಶ ಮಾಡುವ ಸುಲಭ ವಿಧಾನ ಕಂಡುಹಿಡಿದದ್ದರಿಂದಲೇ ಈ ಬೆಳೆ ಜಗತ್ತಿನ ಹಲವೆಡೆ ಹಬ್ಬಿತು. ಮಲೆನಾಡಿನ ತೋಟಗಳಲ್ಲೂ ಇಂದಿಗೂ ಬೆಳಿಗ್ಗೆ ಬೆಳಿಗ್ಗೆ ಕಡ್ಡಿ ಹಿಡಿದು ಮಾಡುವ ಕೆಲಸ ಅದೇ. ಅರಾಂಜೆ ಮಾಡುವಾಗ ಹಣ್ಣು ಪೂರ್ತಿ ಮುಳುಗಿರಬೇಕು, ಮತ್ತು ಹಣ್ಣಿನ ನೀರು ಬಿಟ್ಟುಕೊಂಡು ಆಲ್ಕೋಹಾಲಿನ ಪ್ರಮಾಣ ಇಳಿಯುವುದರಿಂದ ಶೇಕಡ 45ರಿಂದ 50ರ ರಮ್‌ನಿಂದ ಶುರುಮಾಡಬೇಕು. ದಾಲ್ಚಿನ್ನಿ, ಲವಂಗಗಳನ್ನು ವಾರದೊಳಗೆ ತೆಗೆದುಬಿಡುವುದು ಒಳ್ಳೆಯದು, ಇಲ್ಲವಾದರೆ ಬೇರೆಲ್ಲವನ್ನೂ ಅವು ನುಂಗಿಹಾಕುತ್ತವೆ. ವೆನಿಲಾ ಎಷ್ಟು ದಿನ ಇದ್ದರೂ ಅಡ್ಡಿಯಿಲ್ಲ.

ಬಾಟಲಿಗಳನ್ನು ಊರಿಗೆ ತರುವಾಗ, ಭಾರತಕ್ಕೆ ಬಂದಿಳಿಯುವ ವಯಸ್ಕ ಪ್ರಯಾಣಿಕರೊಬ್ಬರು ಸುಂಕವಿಲ್ಲದೆ ತರಬಹುದಾದದ್ದು ಒಟ್ಟು 2 ಲೀಟರ್ ಮದ್ಯ ಎಂಬುದನ್ನು ನೆನಪಿಡಬೇಕು. ಶೇಕಡ 70ಕ್ಕಿಂತ ಹೆಚ್ಚು ತೀಕ್ಷ್ಣತೆಯ ಮದ್ಯವನ್ನು ವಿಮಾನದಲ್ಲಿ ಒಯ್ಯುವಂತೆಯೇ ಇಲ್ಲ, ಹಾಗಾಗಿ ಭಟ್ಟಿಯಿಂದ ನೇರವಾಗಿ ಹಿಡಿದ ನಡುಭಾಗದ ಮಾದರಿ ಎಷ್ಟೇ ಚೆನ್ನಾಗಿದ್ದರೂ ಅಲ್ಲೇ ಬಿಟ್ಟು ಬರಬೇಕಾಗಬಹುದು. ಕೈಯಿಂದ ಮುಚ್ಚಳ ಹಾಕಿದ ಕಾರ್ಯಾಗಾರದ ಬಾಟಲಿಗೆ ಅಂಗಡಿಯ ಸೀಲ್ ಇರುವುದಿಲ್ಲ. ಚೆಕ್-ಇನ್ ಸಾಮಾನಿಗೆ ಹಾಕುವ ಮದ್ಯ ಅಂಗಡಿಯಲ್ಲಿ ಮಾರುವಂತೆ ಪ್ಯಾಕ್ ಆಗಿರಬೇಕೆಂಬ ನಿಯಮ ವಿಮಾನಯಾನದಲ್ಲಿರುವುದರಿಂದ, ಮುಚ್ಚಳಕ್ಕೆ ಸರಿಯಾದ ಸೀಲ್, ಬಾಟಲಿಗೆ ಶೇಕಡವಾರು ನಮೂದಿಸಿದ ಲೇಬಲ್ ಮತ್ತು ರಸೀದಿ ಮೂರನ್ನೂ ಭಟ್ಟಿಮನೆಯಲ್ಲೇ ಕೇಳಿ ಹಾಕಿಸಿಕೊಳ್ಳಬೇಕು.